ಜೆಟ್ ತೂತು ದೊಡ್ಡದು ಮಾಡಿದರೆ ಪಿಸ್ಟನ್ ಜಾಸ್ತಿ ತಣ್ಣಗಾಗುತ್ತದೆಯೇ?

ಓದುಗರ ಪ್ರಶ್ನೆ: ನಮ್ಮದು ನಾಲ್ಕು ಸಿಲಿಂಡರಿನ ಟರ್ಬೊ ಡೀಸೆಲ್ ಲಾರಿ. ಸಕಲೇಶಪುರ, ಮಂಗಳೂರು ನಡುವೆ ಲೋಡ್ ಹೊಡೆಯುತ್ತೇವೆ. ಇಂಜಿನ್ ಪೂರ್ತಿ ಕೆಲಸ ಮಾಡಿಸಿ ಎಂಟು ಸಾವಿರ ಕಿಲೋಮೀಟರ್ ಆಗಿತ್ತು, ಮೂರನೇ ಪಿಸ್ಟನ್ ಕಚ್ಚಿಕೊಂಡು ಸೀಜ್ ಆಯಿತು. ಬಿಚ್ಚಿ ನೋಡಿದರೆ ಆ ಪಿಸ್ಟನ್ನಿಗೆ ಕೆಳಗಿನಿಂದ ಆಯಿಲ್ ಹೊಡೆಯುವ ಸಣ್ಣ ಪೈಪು, ಜೆಟ್ ಅನ್ನುತ್ತಾರಲ್ಲ ಅದು, ಸ್ವಲ್ಪ ಬಾಗಿತ್ತು. ಮೇಸ್ತ್ರಿ ಹೇಳುವುದು, ಇಷ್ಟು ಬಾಗಿದ್ದರೆ ಏನೂ ಆಗಲ್ಲ, ಆಯಿಲ್ ಸಾಲುತ್ತಿಲ್ಲ, ನಾಲ್ಕೂ ಜೆಟ್‌ಗಳ ತೂತನ್ನು ಒಂದೂವರೆ ಮಿ.ಮೀ.ನಿಂದ ಎರಡಕ್ಕೆ ಕೊರೆಸೋಣ ಅಂತ. ಕೊರೆಸಬಹುದಾ? ಅಷ್ಟು ಸಣ್ಣ ಧಾರೆ ಅಷ್ಟು ವೇಗವಾಗಿ ಓಡುವ ಪಿಸ್ಟನ್ನನ್ನು ಮುಟ್ಟುವುದಾದರೂ ಹೇಗೆ? ತೆಳು ಆಯಿಲ್ ಹಾಕಿದರೆ ಒಳ್ಳೆಯದಾ?

ಉತ್ತರ:

ಕೊರೆಸಬೇಡಿ. ಮೊದಲು ಇದನ್ನು ಹೇಳಿಬಿಡುತ್ತೇನೆ, ಯಾಕೆಂದರೆ ನೀವು ಇದನ್ನು ಓದುವ ಹೊತ್ತಿಗೆ ಜೆಟ್‌ಗಳು ಲೇತ್ ಅಂಗಡಿಗೆ ಹೋಗಿರಬಾರದು. ಬಾಗಿದ ಜೆಟ್ ತೆಗೆದು ಹೊಸದು ಹಾಕಿ, ಉಳಿದ ಮೂರರ ಗುರಿಯನ್ನೂ ಪರೀಕ್ಷೆ ಮಾಡಿಸಿ. ನಿಮ್ಮ ಮೇಸ್ತ್ರಿಯ ಅನುಭವದ ಮೇಲೆ ನನಗೆ ಗೌರವ ಇದೆ. ಆಯಿಲ್ ಸಾಲದೆ ಪಿಸ್ಟನ್ ಬಿಸಿಯಾಯಿತು ಅನ್ನುವ ಅವರ ಊಹೆ ನಿಜವೂ ಇರಬಹುದು. ಆದರೆ ಸಾಲದೆ ಹೋಗಿದ್ದು ಜೆಟ್‌ನಿಂದ ಹೊರಟ ಆಯಿಲ್ ಅಲ್ಲ, ಪಿಸ್ಟನ್ನಿಗೆ ತಲುಪಿದ ಆಯಿಲ್. ಈ ಎರಡರ ನಡುವೆ ಗಾಳಿಯಲ್ಲಿ ಒಂದು ಗೇಣಿಗೂ ಕಡಿಮೆ ದೂರ ಇದೆ. ನಾನು ಎಷ್ಟೋ ವರ್ಷ ತಲೆ ಕೆಡಿಸಿಕೊಂಡಿದ್ದು ಆ ಒಂದು ಗೇಣಿನಲ್ಲಿ ಏನಾಗುತ್ತದೆ ಅನ್ನುವುದರ ಬಗ್ಗೆಯೇ.

ಪಿಸ್ಟನ್ನಿಗೆ ಈ ಆಯಿಲ್ ಸ್ನಾನ ಯಾಕೆ ಬೇಕು ಅನ್ನುವುದನ್ನು ಬೇಗ ಮುಗಿಸುತ್ತೇನೆ. ನಿಮ್ಮ ಪಿಸ್ಟನ್ ಅಲ್ಯೂಮಿನಿಯಂ ಮತ್ತು ಸಿಲಿಕಾನ್ ಬೆರೆತ ಲೋಹ. ಈ ಬೆರಕೆ ಕರಗಲು ಶುರುವಾಗುವುದೇ 577 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ. ಕರಗುವುದು ದೂರದ ಮಾತು, 250 ಡಿಗ್ರಿ ದಾಟುತ್ತಿದ್ದಂತೆ ಅದರ ಬಲ ಇಳಿಯುತ್ತಾ ಹೋಗುತ್ತದೆ. ಘಾಟ್ ಹತ್ತುವಾಗ ಪಿಸ್ಟನ್ ತಲೆಯ ಅಂಚು 300 ಡಿಗ್ರಿ ದಾಟುವುದು ಮಾಮೂಲು. ಮೇಲಿನ ರಿಂಗ್ ಕೂರುವ ತೋಡಿನಲ್ಲಿ ತುಂಬಾ ಬಿಸಿಯಾದರೆ ಆಯಿಲ್ ಸುಟ್ಟು ಕರಿ ಕಟ್ಟುತ್ತದೆ, ರಿಂಗ್ ಅಂಟಿಕೊಳ್ಳುತ್ತದೆ. ಅಂಟಿದ ರಿಂಗ್ ಶಾಖವನ್ನು ಲೈನರಿಗೆ, ಅಂದರೆ ಪಿಸ್ಟನ್ ಓಡಾಡುವ ಕೊಳವೆಯ ಗೋಡೆಗೆ, ದಾಟಿಸುವುದಿಲ್ಲ. ಪಿಸ್ಟನ್ ಇನ್ನೂ ಬಿಸಿಯಾಗುತ್ತದೆ, ಉಬ್ಬುತ್ತದೆ, ಲೈನರನ್ನು ಕಚ್ಚುತ್ತದೆ. ಲೈನರಿನ ಹೊರಗೆ ನೀರು ಇದೆ, ಆದರೆ ಪಿಸ್ಟನ್ನಿನ ಒಳಗೆ ನೀರು ಹೋಗುವ ದಾರಿಯೇ ಇಲ್ಲ. ಹಾಗಾಗಿ ಆ ಕೆಲಸ ಆಯಿಲ್ ಪಾಲಿಗೆ ಬಂದಿದೆ.

ಈಗ ಧಾರೆಯ ಲೆಕ್ಕ. ಮೇನ್ ಗ್ಯಾಲರಿಯಲ್ಲಿ, ಅಂದರೆ ಪಂಪಿನಿಂದ ಬಂದ ಆಯಿಲ್ ಎಲ್ಲ ಕಡೆಗೆ ಹಂಚಿಹೋಗುವ ಮುಖ್ಯ ನಾಳದಲ್ಲಿ, 3 ಬಾರ್ ಒತ್ತಡ ಇದೆ ಅಂದುಕೊಳ್ಳಿ. ಅಷ್ಟು ಒತ್ತಡದಲ್ಲಿ ಆಯಿಲ್ ಹೊರಗೆ ಚಿಮ್ಮಿದರೆ ಯಾವ ನಷ್ಟವೂ ಇಲ್ಲದಿದ್ದಾಗ ಸೆಕೆಂಡಿಗೆ 26 ಮೀಟರ್‌ಗಿಂತ ಸ್ವಲ್ಪ ಜಾಸ್ತಿ ವೇಗ ಬರುತ್ತದೆ. ಜೆಟ್‌ನ ತುದಿಯ ತೂತಿನ, ಅಂದರೆ ನಾಝಲಿನ ಗೋಡೆಗೆ ಉಜ್ಜಿ ಒಂದಷ್ಟು ಹೋಗುತ್ತದೆ, 24 ಅಂತ ಇಟ್ಟುಕೊಳ್ಳೋಣ. ಗೋಡೆ ಪಕ್ಕದ ಆಯಿಲ್ ಇನ್ನೂ ನಿಧಾನ, ಹಾಗಾಗಿ ಒಂದೂವರೆ ಮಿ.ಮೀ. ತೂತಿನಿಂದ ಸೆಕೆಂಡಿಗೆ ಸುಮಾರು 35 ಸಿಸಿ, ಅಂದರೆ ನಿಮಿಷಕ್ಕೆ 2 ಲೀಟರ್ ಚಿಲ್ಲರೆ ಆಯಿಲ್ ಬರುತ್ತದೆ. ಒಂದು ಜೆಟ್‌ಗೆ ಇಷ್ಟು. ಅಷ್ಟು ಆಯಿಲ್ ಪಿಸ್ಟನ್ನನ್ನು ಮುಟ್ಟಿ 30 ಡಿಗ್ರಿ ಬಿಸಿಯಾಗಿ ಕೆಳಗೆ ಬಿದ್ದರೆ ಅದು ಹೊತ್ತುಕೊಂಡು ಬರುವ ಶಾಖ ಸುಮಾರು 2 ಕಿಲೋವ್ಯಾಟ್. ಮನೆಯ ಬಚ್ಚಲಲ್ಲಿ ಒಂದು ಗೀಸರ್ ಇರುತ್ತದಲ್ಲ, ಅಷ್ಟು. ಅದು ನಿಂತಿತು ಅಂದರೆ ಅಷ್ಟು ಶಾಖ ಪಿಸ್ಟನ್ನಿನೊಳಗೇ ಉಳಿಯಿತು ಅಂತ ಅರ್ಥ.

ನಿಮ್ಮ ಎರಡನೇ ಪ್ರಶ್ನೆ ನನಗೆ ತುಂಬಾ ಇಷ್ಟವಾಯಿತು. ಧಾರೆ ಪಿಸ್ಟನ್ನನ್ನು ಮುಟ್ಟುವುದು ಹೇಗೆ? ಇದು ನಿಜವಾಗಿಯೂ ಒಂದು ಓಟದ ಪಂದ್ಯ.

ನಿಮ್ಮಂಥ ಲಾರಿಯ ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲಿನಿಂದ ಕೆಳಗೆ ಓಡುವ ದೂರ, 105 ಮಿ.ಮೀ. ಅಂತ ಹಿಡಿಯಿರಿ, ಇಂಜಿನ್ 2500 ಆರ್‌ಪಿಎಂನಲ್ಲಿ ಓಡುತ್ತಿದೆ. ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 8.75 ಮೀಟರ್. ಆದರೆ ಪಿಸ್ಟನ್ ಒಂದೇ ವೇಗದಲ್ಲಿ ಓಡುವುದಿಲ್ಲ. ಮೇಲೆ ಮತ್ತು ಕೆಳಗೆ ನಿಲ್ಲುತ್ತದೆ, ನಡುದಾರಿಯಲ್ಲಿ 14 ಮೀಟರ್ ದಾಟುತ್ತದೆ. ಈಗ 24ರಲ್ಲಿ ಹೋಗುವ ಧಾರೆ 14ರಲ್ಲಿ ಮೇಲಕ್ಕೆ ಓಡುವ ಪಿಸ್ಟನ್ನನ್ನು ಅಟ್ಟಿಸಿಕೊಂಡು ಹೋಗುತ್ತಿದೆ. ಪಿಸ್ಟನ್ನಿನ ಮೇಲೆ ಕೂತು ನೋಡಿದರೆ ಆಯಿಲ್ ಬರುತ್ತಿರುವುದು ಬರೀ 10 ಮೀಟರ್ ವೇಗದಲ್ಲಿ, ಸುಮ್ನೆ ತಾಗಿದ ಹಾಗೆ. ಅದೇ ಪಿಸ್ಟನ್ ಕೆಳಗೆ ಬರುವಾಗ ಎದುರುಬದುರು, 24ಕ್ಕೆ 14 ಸೇರಿ 38. ಒಂದೇ ಜೆಟ್, ಒಂದೇ ಒತ್ತಡ, ಒಂದೇ ಸುತ್ತಿನಲ್ಲಿ ಹೊಡೆತದ ವೇಗ ನಾಲ್ಕು ಪಟ್ಟು ಬದಲಾಯಿತು ನೋಡಿ. ತಲುಪುವ ಆಯಿಲ್ ಕೂಡ ಹಾಗೆಯೇ. ಜೆಟ್ ಒಂದೇ ಸಮನೆ 35 ಸಿಸಿ ಬಿಡುತ್ತಿದ್ದರೂ ಮೇಲೆ ಹೋಗುವಾಗ ಪಿಸ್ಟನ್ನಿಗೆ ಸೆಕೆಂಡಿಗೆ 15 ಸಿಸಿಯ ಲೆಕ್ಕದಲ್ಲಿ ಸಿಗುತ್ತದೆ, ಕೆಳಗೆ ಬರುವಾಗ 55ರ ಲೆಕ್ಕದಲ್ಲಿ. ಉಳಿದ ಆಯಿಲ್ ಎಲ್ಲಿಗೆ ಹೋಯಿತು ಅಂದರೆ ಎಲ್ಲಿಗೂ ಹೋಗಿಲ್ಲ, ಗಾಳಿಯಲ್ಲೇ ಇದೆ. ಪಿಸ್ಟನ್ ಮೇಲೆ ಹೋದಂತೆ ಧಾರೆ ಉದ್ದವಾಗುತ್ತದೆ, ಕೆಳಗೆ ಬರುವಾಗ ಆ ಉದ್ದವನ್ನೆಲ್ಲ ಪಿಸ್ಟನ್ ನುಂಗಿಕೊಂಡು ಬರುತ್ತದೆ. ಗುರಿ ತಪ್ಪದೆ ಇದ್ದರೆ ಒಟ್ಟು ಲೆಕ್ಕ ಸರಿಹೋಗುತ್ತದೆ.

ಇನ್ನೊಂದು ವಿಷಯವೂ ಇದೆ. ಪಿಸ್ಟನ್ ಪೂರ್ತಿ ಮೇಲಿದ್ದಾಗ ಜೆಟ್ ತುದಿಯಿಂದ ಅದಕ್ಕೆ 135 ಮಿ.ಮೀ. ದೂರ ಇದೆ ಅನ್ನಿ. 24 ಮೀಟರ್ ವೇಗದ ಆಯಿಲ್‌ಗೆ ಅಷ್ಟು ದೂರ ಹೋಗಲು 5.6 ಮಿಲಿಸೆಕೆಂಡ್ ಬೇಕು. ಅಷ್ಟರಲ್ಲಿ ಕ್ರ್ಯಾಂಕ್ 84 ಡಿಗ್ರಿ ತಿರುಗಿಬಿಟ್ಟಿರುತ್ತದೆ, ಹತ್ತಿರ ಹತ್ತಿರ ಕಾಲು ಸುತ್ತು. ಅಂದರೆ ಈಗ ಪಿಸ್ಟನ್ನನ್ನು ಮುಟ್ಟುತ್ತಿರುವ ಹನಿ ಜೆಟ್ ಬಿಟ್ಟಾಗ ಪಿಸ್ಟನ್ ಬೇರೆ ಎಲ್ಲೋ ಇತ್ತು. ನಿಂತ ಇಂಜಿನ್ನಿನಲ್ಲಿ ಜೆಟ್ ನೋಡಿದವರಿಗೆ ಇದು ಅಂದಾಜಿಗೆ ಸಿಗುವುದಿಲ್ಲ.

ಬೈಕ್‌ಗಳಲ್ಲಿ ಪಂದ್ಯ ಇನ್ನೂ ಕಷ್ಟ. 60 ಮಿ.ಮೀ. ಸ್ಟ್ರೋಕ್ ಇರುವ ಇಂಜಿನ್ 9000 ಆರ್‌ಪಿಎಂನಲ್ಲಿ ಓಡಿದರೆ ಪಿಸ್ಟನ್ ನಡುದಾರಿಯಲ್ಲಿ 28, 29 ಮೀಟರ್ ಮುಟ್ಟುತ್ತದೆ. ಧಾರೆಗಿಂತ ಪಿಸ್ಟನ್ನೇ ಮುಂದೆ! ಮೇಲಕ್ಕೆ ಹೋಗುವಾಗ ಸ್ವಲ್ಪ ಹೊತ್ತು ಪಿಸ್ಟನ್ ಧಾರೆಯಿಂದ ತಪ್ಪಿಸಿಕೊಂಡು ಓಡುತ್ತದೆ, ಮೇಲೆ ಹೋಗಿ ನಿಧಾನವಾದಾಗ ಧಾರೆ ಅದನ್ನು ಹಿಡಿಯುತ್ತದೆ. ನಿಮ್ಮ ಲಾರಿಗೆ ಆ ಗೋಳಿಲ್ಲ. ಆದರೆ ಧಾರೆಯ ವೇಗ ಕಡಿಮೆಯಾದಷ್ಟೂ ನಿಮ್ಮ ಇಂಜಿನ್ ಕೂಡ ಆ ಕಡೆಗೇ ಜಾರುತ್ತದೆ ಅನ್ನುವುದನ್ನು ನೆನಪಿಡಿ, ತೂತು ಕೊರೆಯುವ ಮಾತಿಗೆ ಇದು ಬೇಕು.

ತೂತು 1.5ರಿಂದ 2 ಮಿ.ಮೀ. ಆದರೆ ಅದರ ಬಾಯಿಯ ಒಟ್ಟು ಜಾಗ ಸುಮಾರು 1.8 ಪಟ್ಟಾಗುತ್ತದೆ. ಒತ್ತಡ ಇಷ್ಟೇ ಉಳಿದರೆ ನಾಲ್ಕು ಜೆಟ್‌ಗಳಿಂದ ನಿಮಿಷಕ್ಕೆ ಎಂಟೂವರೆ ಲೀಟರ್ ಬದಲು 15 ಲೀಟರ್ ಹೋಗಬೇಕು. ಆ ಹೆಚ್ಚಿನ ಆರೂವರೆ ಲೀಟರ್ ಯಾರು ಕೊಡುತ್ತಾರೆ? ಆಯಿಲ್ ಪಂಪ್ ಗೇರ್ ಪಂಪ್. ಒಂದು ಸುತ್ತಿಗೆ ಇಷ್ಟು ಅಂತ ಅಳತೆ ಮಾಡಿದ ಹಾಗೆ ಎತ್ತುತ್ತದೆ, ಕೇಳಿದಷ್ಟು ಕೊಡುವುದಿಲ್ಲ. ಆರ್‌ಪಿಎಂ ಜಾಸ್ತಿ ಇದ್ದಾಗ ಹೆಚ್ಚಾದ ಒತ್ತಡ ಬಿಟ್ಟುಬಿಡುವ ರಿಲೀಫ್ ವಾಲ್ವ್‌ನಿಂದ ವಾಪಸ್ ಹೋಗುವ ಆಯಿಲ್ ಇರುತ್ತದೆ, ಅದರಲ್ಲಿ ಸ್ವಲ್ಪ ಹೊಂದಿಸಿಕೊಳ್ಳಬಹುದು. ಆದರೆ ಆಯಿಲ್ ಕಾದು ತೆಳುವಾಗಿ, ಆರ್‌ಪಿಎಂ ಕಡಿಮೆಯಾಗಿ, ಲೋಡ್ ಮಾತ್ರ ಪೂರ್ತಿ ಇರುವಾಗ ಉಳಿಕೆ ಅನ್ನುವುದೇ ಇರುವುದಿಲ್ಲ. ಆಗ ಗ್ಯಾಲರಿಯ ಒತ್ತಡ ಬೀಳುತ್ತದೆ. ಕ್ರ್ಯಾಂಕ್ ಬೇರಿಂಗ್, ಟರ್ಬೊ, ಹೆಡ್ ಎಲ್ಲವೂ ಅದೇ ಗ್ಯಾಲರಿಯಿಂದ ಕುಡಿಯುತ್ತವೆ. ಪಿಸ್ಟನ್ ಉಳಿಸಲು ಹೋಗಿ ಬೇರಿಂಗ್ ಕಳೆದುಕೊಂಡ ಹಾಗಾಗುತ್ತದೆ.

ಪಿಸ್ಟನ್ನಾದರೂ ಉಳಿಯುತ್ತದೆಯೇ ಅಂದರೆ ಅದೂ ಗ್ಯಾರಂಟಿ ಇಲ್ಲ. ಒತ್ತಡ 3 ಬಾರ್‌ನಿಂದ 2ಕ್ಕೆ ಇಳಿದರೆ ಧಾರೆಯ ವೇಗ 24ರಿಂದ 20ರ ಕೆಳಗೆ ಬರುತ್ತದೆ. ದಪ್ಪ ಧಾರೆ, ಸೋಮಾರಿ ಧಾರೆ. ಮೇಲಕ್ಕೆ ಓಡುವ ಪಿಸ್ಟನ್ನನ್ನು ಅದು ಇನ್ನೂ ತಡವಾಗಿ, ಇನ್ನೂ ಮೆಲ್ಲಗೆ ಮುಟ್ಟುತ್ತದೆ. ಜೊತೆಗೆ ಹೆಚ್ಚಿನ ಇಂಜಿನ್ನುಗಳಲ್ಲಿ ಜೆಟ್‌ನ ಬುಡದಲ್ಲಿ ಸ್ಪ್ರಿಂಗ್ ಮತ್ತು ಬಾಲ್ ಇರುವ ವಾಲ್ವ್ ಇರುತ್ತದೆ, ಅದು ಒಂದೂವರೆ ಎರಡು ಬಾರ್ ಆಸುಪಾಸಿನಲ್ಲಿ ತೆರೆಯುತ್ತದೆ. ಐಡ್ಲಿಂಗ್‌ನಲ್ಲಿ ಬೇರಿಂಗಿಗೆ ಆಯಿಲ್ ಉಳಿಯಲಿ ಅಂತ ಅದನ್ನು ಇಟ್ಟಿರುವುದು. ಒತ್ತಡ ಆ ಗಡಿಗೆ ಬಂದರೆ ಬಾಲ್ ಅರ್ಧ ತೆರೆದು ಅರ್ಧ ಮುಚ್ಚಿ ನಡುಗುತ್ತದೆ, ಧಾರೆ ತುಂಡು ತುಂಡಾಗುತ್ತದೆ.

ಇನ್ನು ಧಾರೆಯ ಆಕಾರ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ತಾಳ್ಮೆಯಿಂದ ಓದಿ.

ನಲ್ಲಿಯನ್ನು ಸಣ್ಣಗೆ ಬಿಟ್ಟು ನೋಡಿ. ಮೇಲೆ ಗಾಜಿನ ಕಡ್ಡಿಯ ಹಾಗೆ ನಯವಾಗಿ ಬರುವ ನೀರು ಕೆಳಗೆ ಹೋಗುತ್ತಾ ಹನಿಹನಿಯಾಗುತ್ತದೆ. ಬೆಲ್ಜಿಯಂನ ಪ್ಲಾಟೊ 1873ರಲ್ಲಿ, ಇಂಗ್ಲೆಂಡಿನ ಲಾರ್ಡ್ ರೇಲಿ 1878ರಲ್ಲಿ ಇದರ ಕಾರಣ ಬಿಡಿಸಿಟ್ಟರು. ಧಾರೆಯ ಸುತ್ತಳತೆಗಿಂತ ಉದ್ದವಾದ ಯಾವ ಅಲೆ ಅದರ ಮೈಮೇಲೆ ಎದ್ದರೂ ದ್ರವದ ಮೇಲ್ಮೈ ಎಳೆತ ಅದನ್ನು ಬೆಳೆಸುತ್ತಾ ಹೋಗಿ ಕೊನೆಗೆ ಕತ್ತರಿಸುತ್ತದೆ. ಜೆಟ್‌ನ ಆಯಿಲ್ ಕೂಡ ಹೀಗೆ ಹನಿಯಾಗಿ ಹೋಗುವುದಿಲ್ಲವೇ ಅಂತ ಯಾರಿಗಾದರೂ ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡಿದರೆ ಒಂದೂವರೆ ಮಿ.ಮೀ. ದಪ್ಪದ, 24 ಮೀಟರ್ ವೇಗದ ನಯವಾದ ಧಾರೆ ಈ ಒಂದೇ ಕಾರಣಕ್ಕೆ ಹನಿಯಾಗಬೇಕಾದರೆ ಮೀಟರ್‌ಗಟ್ಟಲೆ ದೂರ ಹೋಗಬೇಕು. ಪಿಸ್ಟನ್ ಇರುವುದು 135 ಮಿ.ಮೀ. ದೂರದಲ್ಲಿ. ಹಾಗಾಗಿ ಮೇಲ್ಮೈ ಎಳೆತ ನಮ್ಮ ಶತ್ರು ಅಲ್ಲ. ಧಾರೆ ಹಾಳಾಗುವುದು ನಾಝಲಿನ ಒಳಗೆ, ಹುಟ್ಟುವ ಮೊದಲೇ.

ಆಯಿಲ್ ಪೈಪಿನೊಳಗೆ ಎರಡು ಥರ ಹರಿಯಬಹುದು. ಪದರ ಪದರವಾಗಿ ಶಿಸ್ತಿನಿಂದ ಹರಿಯುವುದು ಒಂದು, ಸುಳಿಸುಳಿಯಾಗಿ ಕಲಕಿಕೊಂಡು ಹರಿಯುವುದು ಇನ್ನೊಂದು. ಮ್ಯಾಂಚೆಸ್ಟರಿನಲ್ಲಿ ಆಸ್ಬರ್ನ್ ರೆನಾಲ್ಡ್ಸ್ 1883ರಲ್ಲಿ ಗಾಜಿನ ಕೊಳವೆಯಲ್ಲಿ ಬಣ್ಣದ ಎಳೆ ಬಿಟ್ಟು ಈ ಎರಡನ್ನೂ ತೋರಿಸಿದ್ದರು. ವೇಗವನ್ನು ತೂತಿನ ಅಗಲದಿಂದ ಗುಣಿಸಿ, ದ್ರವದ ಸ್ನಿಗ್ಧತೆಯಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಅವರದೇ ಹೆಸರು. ಸ್ನಿಗ್ಧತೆ ಅಂದರೆ ಗ್ಯಾರೇಜಿನಲ್ಲಿ ಆಯಿಲ್ ಮಂದ, ಆಯಿಲ್ ತೆಳು ಅನ್ನುತ್ತೇವಲ್ಲ, ಅದೇ. ಪೈಪಿನಲ್ಲಿ ಆ ಸಂಖ್ಯೆ 2300ರ ಸುಮಾರು ದಾಟಿದರೆ ಶಿಸ್ತು ಮುರಿಯಲು ಶುರು. ಈಗ ನಿಮ್ಮ 15ಡಬ್ಲ್ಯು-40 ಆಯಿಲ್ ತೆಗೆದುಕೊಳ್ಳಿ. 40 ಡಿಗ್ರಿಯಲ್ಲಿ ಆ ಸಂಖ್ಯೆ 350ರ ಹತ್ತಿರ ಬರುತ್ತದೆ. 100 ಡಿಗ್ರಿಯಲ್ಲಿ 2600 ಆಸುಪಾಸು. 120 ಡಿಗ್ರಿಗೆ ಹೋದರೆ 4000. ನಮ್ಮ ಜೆಟ್ ಕೆಲಸ ಮಾಡುವುದೇ ಆ ಗಡಿಯ ಮೇಲೆ, ಕಾಲು ಈ ಕಡೆ ಒಂದು, ಆ ಕಡೆ ಒಂದು.

ನಾನು ಮೊದಲ ಸಲ ಇದನ್ನು ಕಣ್ಣಾರೆ ಕಂಡಿದ್ದು ಲ್ಯಾಬಿನಲ್ಲಿ, ಪಾರದರ್ಶಕ ಪೆಟ್ಟಿಗೆಯೊಳಗೆ. ಆಯಿಲ್ ತಣ್ಣಗಿದ್ದಾಗ ಧಾರೆ ಅಲುಗಾಡದೆ ನಿಂತಿತ್ತು. ಹರಿಯುತ್ತಿದೆ ಅಂತಲೇ ಗೊತ್ತಾಗುತ್ತಿರಲಿಲ್ಲ, ಜೇನಿನ ಬಣ್ಣದ ಗಾಜಿನ ಕಡ್ಡಿ ಇಟ್ಟ ಹಾಗಿತ್ತು. ಬಿಸಿ ಮಾಡುತ್ತಾ ಹೋದೆವು. ಎಲ್ಲೋ ನೂರರ ಹತ್ತಿರ ಕಡ್ಡಿಯ ಮೈ ಮಸುಕಾಯಿತು, ಆಮೇಲೆ ತುದಿಯ ಕಡೆ ಒರಟಾಯಿತು, ಆಮೇಲೆ ಪಕ್ಕಕ್ಕೆ ಸಣ್ಣ ಸಣ್ಣ ಎಳೆಗಳು ಹಾರತೊಡಗಿದವು. ಒತ್ತಡ ಬದಲಾಯಿಸಿರಲಿಲ್ಲ, ಜೆಟ್ ಬದಲಾಯಿಸಿರಲಿಲ್ಲ. ಆ ದಿನದಿಂದ ತಣ್ಣನೆ ಆಯಿಲ್‌ನಲ್ಲಿ ಜೆಟ್ ಪರೀಕ್ಷೆ ಮಾಡಿ ಚೆನ್ನಾಗಿದೆ ಅಂತ ಯಾರು ಹೇಳಿದರೂ ನಾನು ಒಪ್ಪುವುದಿಲ್ಲ.

ಗಡಿಯ ಮೇಲೆ ನಿಂತ ಹರಿವಿಗೆ ಸಣ್ಣ ತೊಂದರೆ ಕೊಟ್ಟರೂ ಸಾಕು. ನಾಝಲ್ ತುದಿಯಲ್ಲಿ ಕೂದಲೆಳೆಯಷ್ಟು ಬರ್, ಅಂದರೆ ಕೊರೆದಾಗ ಅಂಚಿನಲ್ಲಿ ಎದ್ದ ಲೋಹದ ಎಳೆ, ಉಳಿದಿದ್ದರೆ ಧಾರೆಯ ಒಂದು ಪಕ್ಕ ಸೀಳುತ್ತದೆ. ಕೈ ಡ್ರಿಲ್ಲಿನಲ್ಲಿ ಕೊರೆದ ತೂತು ಒಳಗೆ ಒರಟಾಗಿರುತ್ತದೆ, ಸ್ವಲ್ಪ ಅಂಡಾಕಾರವೂ ಆಗಿರುತ್ತದೆ, ನಡುಗೆರೆಗೆ ಸರಿಯಾಗಿಯೂ ಇರುವುದಿಲ್ಲ. ಅಂಡಾಕಾರದ ತೂತಿನಿಂದ ಬಂದ ಧಾರೆ ಒಮ್ಮೆ ಹೀಗೆ ಚಪ್ಪಟೆ, ಒಮ್ಮೆ ಹಾಗೆ ಚಪ್ಪಟೆ ಆಗುತ್ತಾ ಹೋಗುತ್ತದೆ. ಬಾಗಿದ ಪೈಪಿನಲ್ಲಿ ಇನ್ನೊಂದು ಸಮಸ್ಯೆ. ತಿರುವಿನಲ್ಲಿ ಬಸ್ಸಿನೊಳಗೆ ನಿಂತವರು ಹೊರಗಡೆಗೆ ವಾಲುವ ಹಾಗೆ, ನಡುವಿನ ವೇಗದ ಆಯಿಲ್ ಹೊರಗೋಡೆಗೆ ಹೋಗಿ ಅಲ್ಲಿಂದ ಗೋಡೆ ಹಿಡಿದು ವಾಪಸ್ ಬರುತ್ತದೆ, ಒಳಗೆ ಎರಡು ಸುಳಿಗಳು ಏಳುತ್ತವೆ. ಕಂಪನಿಯವರು ಬಾಗಿಸಿದ ಪೈಪಿನಲ್ಲೂ ಇದು ಇದೆ. ಅದಕ್ಕೇ ತಿರುವಿನ ನಂತರ ಒಂದಷ್ಟು ನೇರ ಉದ್ದ ಕೊಟ್ಟಿರುತ್ತಾರೆ, ಸುಳಿ ಅಡಗಲಿ ಅಂತ. ಪೆಟ್ಟು ತಿಂದು ತುದಿಯ ಹತ್ತಿರ ಬಾಗಿದರೆ ಸುಳಿ ಅಡಗಲು ಜಾಗವೇ ಇಲ್ಲ. ಹೊರಬಂದ ತಕ್ಷಣ ಧಾರೆ ಅಗಲವಾಗುತ್ತದೆ. ಆಮೇಲೆ ಕ್ರ್ಯಾಂಕ್‌ಕೇಸಿನ ಗಾಳಿ ಇದೆಯಲ್ಲ, ಕ್ರ್ಯಾಂಕ್ ತಿರುಗಿ ಎಬ್ಬಿಸಿದ ಗಾಳಿ, ರಿಂಗ್ ದಾಟಿ ಬಂದ ಗ್ಯಾಸು, ಅದು ನಯವಾದ ಧಾರೆಯನ್ನು ಅಷ್ಟಾಗಿ ಏನೂ ಮಾಡುವುದಿಲ್ಲ, ಒರಟಾದದ್ದನ್ನು ಮಾತ್ರ ಕಿತ್ತುಕೊಂಡು ಹೋಗುತ್ತದೆ.

ಈಗ ನಿಮ್ಮ ಮೂರನೇ ಸಿಲಿಂಡರಿನ ವಿಷಯಕ್ಕೆ ಬರೋಣ. ಇಷ್ಟು ಬಾಗಿದ್ದರೆ ಏನೂ ಆಗಲ್ಲ ಅನ್ನುವ ಮಾತು. ಜೆಟ್ 3 ಡಿಗ್ರಿ ಬಾಗಿದೆ ಅಂದುಕೊಳ್ಳಿ, ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಪಿಸ್ಟನ್ ಕೆಳಗಿದ್ದಾಗ ದೂರ 30 ಮಿ.ಮೀ., ಗುರಿ ತಪ್ಪುವುದು ಒಂದೂವರೆ ಮಿ.ಮೀ. ಪಿಸ್ಟನ್ ಮೇಲಿದ್ದಾಗ ದೂರ 135, ಗುರಿ ತಪ್ಪುವುದು 7 ಮಿ.ಮೀ. ಕ್ರ್ಯಾಂಕ್ ತಿರುಗಿಸಿ ಪಿಸ್ಟನ್ ಕೆಳಗೆ ತಂದು ನೋಡಿದರೆ ಎಲ್ಲ ಸರಿ ಇದೆ ಅನ್ನಿಸುತ್ತದೆ. ಪಿಸ್ಟನ್ ಮೇಲೆ ಹೋದಾಗ ಧಾರೆ ಪೂರ್ತಿ ಬೇರೆ ಕಡೆ ಹೊಡೆಯುತ್ತಿರುತ್ತದೆ.

ಬರೀ ತಳಕ್ಕೆ ಆಯಿಲ್ ಹೊಡೆಯುವ ಸಾದಾ ಪಿಸ್ಟನ್ ಆಗಿದ್ದರೆ 7 ಮಿ.ಮೀ. ಅಷ್ಟೊಂದು ದೊಡ್ಡದಲ್ಲ, ಎಲ್ಲಿ ಬಿದ್ದರೂ ಹರಡುತ್ತದೆ. ಅಡುಗೆಮನೆಯ ಸಿಂಕಿನಲ್ಲಿ ತಟ್ಟೆ ಇಟ್ಟು ನಲ್ಲಿ ಬಿಟ್ಟರೆ ನೀರು ಬಿದ್ದಲ್ಲಿ ತೆಳ್ಳಗೆ ಸುತ್ತ ಹರಡಿ, ಸ್ವಲ್ಪ ದೂರದಲ್ಲಿ ಒಂದು ಉಂಗುರದ ಹಾಗೆ ದಿಢೀರನೆ ದಪ್ಪ ಆಗುತ್ತದೆ ನೋಡಿದ್ದೀರಲ್ಲ? ಆ ಉಂಗುರದ ಒಳಗಿನ ತೆಳು ಜಾಗದಲ್ಲೇ ಶಾಖ ಚೆನ್ನಾಗಿ ಹೀರಲ್ಪಡುವುದು. ಎಣ್ಣೆಗೆ ಇದು ಇನ್ನೂ ಮುಖ್ಯ. ಎಣ್ಣೆ ತನ್ನೊಳಗೆ ಶಾಖ ದಾಟಿಸುವುದರಲ್ಲಿ ನೀರಿಗಿಂತ ನಾಲ್ಕೈದು ಪಟ್ಟು ಹಿಂದೆ. ಲೋಹಕ್ಕೆ ಅಂಟಿದ ತೆಳು ಪದರ ಮಾತ್ರ ಬಿಸಿಯಾಗುತ್ತದೆ, ಅದರ ಮೇಲಿನ ಎಣ್ಣೆಗೆ ಸುದ್ದಿಯೇ ಮುಟ್ಟಿರುವುದಿಲ್ಲ. ಆ ಬಿಸಿ ಪದರವನ್ನು ಹೊಸ ಎಣ್ಣೆ ಬಂದು ತಳ್ಳುತ್ತಿರಬೇಕು. ದಪ್ಪಗೆ ಸುರಿದರೆ ಪ್ರಯೋಜನ ಇಲ್ಲದಿರುವುದು ಇದಕ್ಕೇ.

ಆದರೆ ಈ ಕಾಲದ ಟರ್ಬೊ ಡೀಸೆಲ್ ಲಾರಿ ಅಂದರೆ ಪಿಸ್ಟನ್ ತಲೆಯೊಳಗೆ ಸುತ್ತಲೂ ಒಂದು ಸುರಂಗ ಇರುವ ಸಾಧ್ಯತೆಯೇ ಜಾಸ್ತಿ. ಎರಕ ಹೊಯ್ಯುವಾಗ ಉಪ್ಪಿನ ಬಳೆ ಇಟ್ಟು, ಆಮೇಲೆ ನೀರಿನಲ್ಲಿ ಆ ಉಪ್ಪು ಕರಗಿಸಿ ತೆಗೆದಿರುತ್ತಾರೆ. ಪಿಸ್ಟನ್ ತಿರುಗಿಸಿ ನೋಡಿ, ತಳದಲ್ಲಿ ಎರಡು ತೂತು ಇದ್ದರೆ ಸುರಂಗ ಇದೆ ಅಂತ. ಒಂದರಿಂದ ಆಯಿಲ್ ಒಳಗೆ, ಇನ್ನೊಂದರಿಂದ ಹೊರಗೆ. ಒಳಗೆ ಹೋಗುವ ತೂತು ಕಿರುಬೆರಳು ತೂರುವಷ್ಟೂ ಇರುವುದಿಲ್ಲ. ಅಲ್ಲಿ 7 ಮಿ.ಮೀ. ತಪ್ಪಿದರೆ ಆಯಿಲ್ ಒಳಗೆ ಹೋಗುವುದೇ ಇಲ್ಲ. ಧಾರೆ ಅಗಲವಾದರೂ ಅಂಚಿಗೆ ಬಡಿದು ಚೆಲ್ಲುತ್ತದೆ. ಎರಡು ಮಿ.ಮೀ.ಗೆ ಕೊರೆಸಿದ ಒರಟು ಜೆಟ್‌ನಿಂದ ಆಗುವುದೂ ಇದೇ. ಹೊರಟಿದ್ದು ಜಾಸ್ತಿ, ಒಳಗೆ ಹೋಗಿದ್ದು ಮೊದಲಿಗಿಂತ ಕಡಿಮೆ.

ಸುರಂಗದೊಳಗಿನ ಹರಿವು ಬಹಳ ಚೆಂದದ ವಿಷಯ. ಬಾಟಲಿ ತೊಳೆಯುವಾಗ ನೀವು ಏನು ಮಾಡುತ್ತೀರಿ? ಕುತ್ತಿಗೆವರೆಗೆ ನೀರು ತುಂಬುವುದಿಲ್ಲ, ಅರ್ಧ ತುಂಬಿ ಕುಲುಕುತ್ತೀರಿ. ಪೂರ್ತಿ ತುಂಬಿದರೆ ಎಷ್ಟು ಕುಲುಕಿದರೂ ಒಳಗೆ ನೀರು ಅಲುಗುವುದಿಲ್ಲ, ಗೋಡೆ ಉಜ್ಜುವುದಿಲ್ಲ. ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತೇವಲ್ಲ, ಪಿಸ್ಟನ್ನಿಗೆ ಬೇಕಾಗಿರುವುದು ತುಳುಕುವ ಕೊಡ. 105 ಮಿ.ಮೀ. ಸ್ಟ್ರೋಕಿನ ಇಂಜಿನ್ 2500 ಆರ್‌ಪಿಎಂನಲ್ಲಿ ಓಡುವಾಗ ಮೇಲಿನ ತುದಿಯಲ್ಲಿ ಪಿಸ್ಟನ್ ತಿರುಗುವ ರಭಸ ಭೂಮಿಯ ಸೆಳೆತದ 400 ಪಟ್ಟಿಗೂ ಜಾಸ್ತಿ. ಆ ರಭಸಕ್ಕೆ ಅರ್ಧ ತುಂಬಿದ ಸುರಂಗದೊಳಗಿನ ಆಯಿಲ್ ಒಮ್ಮೆ ಛಾವಣಿಗೆ, ಒಮ್ಮೆ ನೆಲಕ್ಕೆ ಅಪ್ಪಳಿಸುತ್ತದೆ. ಪ್ರತಿ ಸಲವೂ ಗೋಡೆಗಂಟಿದ ಬಿಸಿ ಪದರ ಕಿತ್ತು ಹೊಸದು ಬರುತ್ತದೆ. ಸುರಂಗ ತುಂಬಿಬಿಟ್ಟರೆ ಈ ಅಪ್ಪಳಿಕೆ ಸತ್ತುಹೋಗುತ್ತದೆ. ತೀರಾ ಕಡಿಮೆಯಾದರೆ ಇರುವ ಸ್ವಲ್ಪ ಆಯಿಲ್ ಅಲ್ಲೇ ಕಾದು ಕಾದು ಗೋಡೆಗೆ ಕರಿ ಹಿಡಿಯುತ್ತದೆ, ಆ ಕರಿ ಶಾಖಕ್ಕೆ ಕಂಬಳಿ ಹೊದಿಸಿದ ಹಾಗೆ. ಎಷ್ಟು ಒಳಗೆ ಹೋಗಬೇಕು, ಎಷ್ಟು ಹೊರಬರಬೇಕು ಅನ್ನುವುದನ್ನು ಎರಡೂ ತೂತಿನ ಅಳತೆ, ಜೆಟ್‌ನ ಅಳತೆ ಸೇರಿಸಿ ತೂಗಿಸಿರುತ್ತಾರೆ. ಒಂದನ್ನು ಮಾತ್ರ ಬದಲಾಯಿಸಿದರೆ ತೂಕ ತಪ್ಪುತ್ತದೆ.

ತೆಳು ಆಯಿಲ್ ಬಗ್ಗೆ ಕೇಳಿದ್ದಿರಿ. ಬೇಡ. ಮೇಲೆ ಹೇಳಿದ ರೆನಾಲ್ಡ್ಸ್ ಸಂಖ್ಯೆ ನೋಡಿ, ತೆಳು ಮಾಡಿದಷ್ಟೂ ಧಾರೆ ಒರಟಾಗುವ ಕಡೆಗೆ ಹೋಗುತ್ತದೆ, ಬೇರಿಂಗಿನಿಂದ ಜಾಸ್ತಿ ಸೋರಿ ಗ್ಯಾಲರಿ ಒತ್ತಡವೂ ಇಳಿಯುತ್ತದೆ. ಮಂದ ಆಯಿಲ್ ಹಾಕಿದರೆ ಜೆಟ್‌ನಿಂದ ಬರುವುದೇ ಕಡಿಮೆ. ಇಂಜಿನ್ ಪುಸ್ತಕದಲ್ಲಿ ಯಾವ ಗ್ರೇಡ್ ಹೇಳಿದೆಯೋ ಅದೇ ಹಾಕಿ. ಅದಕ್ಕಿಂತ ಮುಖ್ಯ, ಡಿಪ್ ಸ್ಟಿಕ್ ಗೆರೆಗೆ ಸರಿಯಾಗಿ ಹಾಕಿ. ಇರಲಿ ಅಂತ ಒಂದು ಲೀಟರ್ ಜಾಸ್ತಿ ಹಾಕುವವರು ತುಂಬಾ ಜನ ಇದ್ದಾರೆ. ಕ್ರ್ಯಾಂಕ್ ಆ ಆಯಿಲ್‌ನಲ್ಲಿ ಮುಳುಗೆದ್ದು ಮಜ್ಜಿಗೆ ಕಡೆದ ಹಾಗೆ ಕಡೆದು ನೊರೆ ಎಬ್ಬಿಸುತ್ತದೆ. ಒತ್ತಡದಲ್ಲಿ ಸಣ್ಣಗಿದ್ದ ಗಾಳಿಯ ಗುಳ್ಳೆ ನಾಝಲಿನಿಂದ ಹೊರಬಂದ ಕ್ಷಣ ಉಬ್ಬಿ ಧಾರೆಯನ್ನು ಒಳಗಿನಿಂದಲೇ ಒಡೆಯುತ್ತದೆ. ಆಯಿಲ್ ತೀರಾ ಕಡಿಮೆ ಇದ್ದರೂ ಪಂಪ್ ಗಾಳಿ ಎಳೆದು ಇದೇ ಕಥೆ.

ಡ್ರೈವರಿಗೂ ಒಂದು ಮಾತು ಹೇಳಿ. ಶಿರಾಡಿ ಹತ್ತುವಾಗ ಗೇರ್ ಇಳಿಸದೆ ಮೇಲಿನ ಗೇರಿನಲ್ಲೇ ಇಂಜಿನ್ ಒದ್ದಾಡಿಸಿಕೊಂಡು ಹೋಗುವುದು ಪಿಸ್ಟನ್ನಿಗೆ ಅತಿ ಕೆಟ್ಟ ಸ್ಥಿತಿ. ಡೀಸೆಲ್ ಪೂರ್ತಿ ಉರಿಯುತ್ತಿದೆ, ಶಾಖ ಪೂರ್ತಿ ಇದೆ, ಆದರೆ ಆರ್‌ಪಿಎಂ ಕಡಿಮೆ, ಪಂಪ್ ನಿಧಾನ, ಆಯಿಲ್ ಕಾದು ತೆಳುವಾಗಿದೆ, ಜೆಟ್‌ನ ಬಾಲ್ ಮುಚ್ಚುವ ಅಂಚಿನಲ್ಲಿದೆ. ಒಂದು ಗೇರ್ ಇಳಿಸಿ ಆರ್‌ಪಿಎಂ ಎತ್ತಿದರೆ ಇಂಜಿನ್ ಜಾಸ್ತಿ ಸದ್ದು ಮಾಡುತ್ತದೆ ನಿಜ, ಪಿಸ್ಟನ್ ಮಾತ್ರ ತಣ್ಣಗಿರುತ್ತದೆ.

ಜೆಟ್ ಯಾಕೆ ಬಾಗಿತು ಅನ್ನುವುದಕ್ಕೆ ನನ್ನ ಅನುಮಾನ ಕೆಲಸ ಮಾಡಿಸಿದ ದಿನದ ಮೇಲೇ ಇದೆ. ಪಿಸ್ಟನ್ ಮತ್ತು ಕನೆಕ್ಟಿಂಗ್ ರಾಡ್ ಜೋಡಿಸಿ ಮೇಲಿನಿಂದ ಬೋರಿನೊಳಗೆ ಇಳಿಸುವಾಗ ರಾಡಿನ ದೊಡ್ಡ ತುದಿ ಜೆಟ್‌ಗೆ ತಾಗುವುದು ಬಹಳ ಸಾಮಾನ್ಯ. ತಾಗಿದ್ದು ಕೈಗೆ ಗೊತ್ತೇ ಆಗುವುದಿಲ್ಲ. ಈ ಸಲ ಇಳಿಸುವಾಗ ಕೆಳಗಿನಿಂದ ಒಬ್ಬರು ಟಾರ್ಚ್ ಹಿಡಿದು ನೋಡಲಿ, ರಾಡನ್ನು ಕೈಯಿಂದ ದಾರಿ ತೋರಿಸಿ ಇಳಿಸಲಿ. ಆಮೇಲೆ ಜೆಟ್ ತೂತಿಗೆ ಸಲೀಸಾಗಿ ಕೂರುವಂಥ ನೇರ ತಂತಿಯೊಂದನ್ನು ಮೆಲ್ಲಗೆ ತೂರಿಸಿ. ಪಿಸ್ಟನ್ ಕೆಳಗಿದ್ದಾಗಲೂ ಮೇಲಿದ್ದಾಗಲೂ ತಂತಿಯ ತುದಿ ಪಿಸ್ಟನ್ನಿನ ಒಳತೂತಿನ ನಡುವಿಗೇ ಹೋಗಬೇಕು. ಎರಡೂ ಕಡೆ ನೋಡಲೇಬೇಕು. ಕ್ರ್ಯಾಂಕ್ ತಿರುಗಿಸುವ ಮೊದಲು ತಂತಿ ಹೊರತೆಗೆಯುವುದನ್ನು ಮರೆಯಬೇಡಿ. ಬಾಗಿದ ಜೆಟ್ಟನ್ನು ಕಟಿಂಗ್ ಪ್ಲೇಯರ್‌ನಿಂದ ನೇರ ಮಾಡಿ ಮತ್ತೆ ಹಾಕುವ ಯೋಚನೆ ಬೇಡ, ಒಳಗೆ ಪೈಪು ಚಪ್ಪಟೆಯಾಗಿರುತ್ತದೆ. ಉಳಿದವನ್ನು ಸೀಮೆಎಣ್ಣೆಯಲ್ಲಿ ತೊಳೆದು ಗಾಳಿ ಹೊಡೆಸಿ, ಬಾಲ್ ಸಲೀಸಾಗಿ ತೆರೆದು ಮುಚ್ಚುತ್ತಿದೆಯೇ ನೋಡಿ. ಸಂಪ್, ಅಂದರೆ ಇಂಜಿನ್ ತಳದ ಆಯಿಲ್ ತಟ್ಟೆ, ಕೂರಿಸುವಾಗ ಗ್ಯಾಸ್ಕೆಟ್ ಪೇಸ್ಟ್ ಜಾಸ್ತಿ ಹಚ್ಚಿದರೆ ಒಳಗೆ ಉದುರಿದ ಚೂರು ಬಂದು ಸೇರುವುದು ಇಂಥ ಸಣ್ಣ ತೂತುಗಳಿಗೇ, ಅದನ್ನೂ ಗಮನಿಸಿ.

ಇಷ್ಟೆಲ್ಲ ಹೇಳಿದ ಮೇಲೂ ಜೆಟ್ಟೇ ಕಾರಣ ಅಂತ ನಾನು ಇಲ್ಲಿ ಕೂತು ತೀರ್ಪು ಕೊಡಲಾರೆ. ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ ತೊಟ್ಟಿಕ್ಕುತ್ತಿದ್ದರೂ, ಲೈನರಿಗೂ ಪಿಸ್ಟನ್ನಿಗೂ ಸಂದು ಕಡಿಮೆ ಬಿಟ್ಟಿದ್ದರೂ ಸೀಜ್ ಆಗುತ್ತದೆ. ಹಾಗಾಗಿ ಆ ಮೂರನೇ ಪಿಸ್ಟನ್ನನ್ನು ಗುಜರಿಗೆ ಹಾಕುವ ಮೊದಲು ಉಳಿದ ಮೂರರ ಪಕ್ಕದಲ್ಲಿಟ್ಟು ನೋಡಿ. ಕಚ್ಚಿದ ಗುರುತು ರಿಂಗ್‌ಗಳ ಸುತ್ತ, ತಲೆಯ ಕಡೆಯಿಂದ ಶುರುವಾಗಿದ್ದರೆ ಮೇಲಿನಿಂದ ಬಿಸಿ ಜಾಸ್ತಿಯಾಗಿದೆ. ಬರೀ ರಿಂಗ್‌ಗಳ ಕೆಳಗಿನ ಮೈಯ, ಅಂದರೆ ಸ್ಕರ್ಟಿನ ಮೇಲಿದ್ದರೆ ಸಂದಿನ ಲೆಕ್ಕ ನೋಡಿಸಿ. ಆಮೇಲೆ ನಾಲ್ಕನ್ನೂ ಬೋರಲು ಹಾಕಿ, ತಳದ ಬಣ್ಣ ನೋಡಿ. ಮೂರು ಕಂದು ಬಣ್ಣಕ್ಕಿದ್ದು ಮೂರನೇ ಸಿಲಿಂಡರಿನದು ಮಾತ್ರ ಕಪ್ಪಗೆ ಕರಿ ಹಿಡಿದಿದ್ದರೆ, ಅದಕ್ಕೆ ಆಯಿಲ್ ಮುಟ್ಟುತ್ತಿರಲಿಲ್ಲ ಅಂತ ಧೈರ್ಯವಾಗಿ ಹೇಳಬಹುದು. ಸುರಂಗದ ಒಳತೂತಿಗೆ ಒಂದು ತಂತಿ ಹಾಕಿ ಕೆರೆದು ನೋಡಿ, ಕರಿ ಎಷ್ಟು ಉದುರುತ್ತದೆ ಅನ್ನುವುದನ್ನೂ ಬರೆದಿಟ್ಟುಕೊಳ್ಳಿ. ನಾಲ್ಕರ ಫೋಟೊ ತೆಗೆದು ಕಳಿಸಿದರೆ ನಾನೂ ನೋಡುತ್ತೇನೆ.